ಪರೀಕ್ಷೆಗೆ ಅವ್ವ ಕೊಟ್ಟ ಮಣ್ಣು

ಗುಂಜೋಟಿಯ ನಮ್ಮ ಮನೆಗೆ ಯಾರೇ ಬರಲಿ, ಅವ್ವ ಪೆಟ್ಟಿಗೆಯಲ್ಲಿಟ್ಟ ಹೊಸ ಚಾದರವನ್ನೇ ತೆಗೆದು ಹಾಸುತ್ತಾಳೆ. ಅಂಥವಳ ಕೈಗೆ ಕೃಷಿ ಸಾಹೇಬರು ಚೀಲ ಕೊಟ್ಟು, "ಹೊಲದ ಮಣ್ಣು ತುಂಬಿ ಕೊಡ್ರಿ, ಪರೀಕ್ಷಾ ಮಾಡ್ತೀವಿ" ಎಂದರೆ ಏನಾದೀತು? ಹೊರಗಿನವರ ಮುಂದೆ ಹೊಲದ ಮಾನ ಹೋಗಬಾರದೆಂದು ತಿಪ್ಪೆಯ ಬುಡದ ಕಪ್ಪು ಮಣ್ಣನ್ನು ಜರಡಿ ಹಿಡಿದು ತುಂಬಿದಳು.

"ಹೊಲ ನೋಡ್ಲಿಕ್ಕ ವರ ಬರಾಲತ್ತಾನೇನವ್ವಾ?" ಎಂದೆ. ಜರಡಿಯಿಂದಲೇ ಬೆನ್ನಿಗೊಂದು ಬಿತ್ತು.

ತಿಂಗಳಾದ ಮೇಲೆ ಸಾಹೇಬರು ಚಾವಡಿಯಲ್ಲಿ ಎಲ್ಲರೆದುರು ಅಪ್ಪನ ಬೆನ್ನು ತಟ್ಟಿದರು. "ಏಕದಮ್ ಭಾರಿ ಮಣ್ಣು ಅದ. ಗೊಬ್ಬರದ ಗರಜಿಲ್ಲ." ಪಕ್ಕದ ಹೊಲದ ಕಾಕಾನಿಗೆ, ಅಂದರೆ ಅಪ್ಪನ ತಮ್ಮನಿಗೆ, "ನಿಮ್ದು ಪೂರಾ ಸತ್ವ ಹೋಗ್ಯಾದ" ಎಂದರು. ಅವ್ವ ಸೆರಗು ಅಡ್ಡ ಹಿಡಿದು ನಕ್ಕಳು.

ಬೀರಪ್ಪನ ಒಕ್ಕಲಿನ ಕುರಿಗಾರರು ಬಂದಾಗ ಆ ನಗು ನಿಂತಿತು. ಅವರ ಹಿಂಡು ರಾತ್ರಿ ಹೊಲದಲ್ಲಿ ಮಲಗಿದರೆ ಅದರ ಹಿಕ್ಕೆಯೇ ಗೊಬ್ಬರ. ಎರಡು ವರ್ಷದಿಂದ ಅವರು ಈ ಕಡೆ ಸುಳಿದಿರಲಿಲ್ಲ, ನಮ್ಮ ತಿಪ್ಪೆಯೋ ಹಿತ್ತಲಿಗಷ್ಟೇ ಸಾಲುವಂಥದ್ದು. ಈ ಸಲ ಅವರಿಗೆ ಬಿಡುವಿದ್ದದ್ದು ಒಂದೇ ಹೊಲಕ್ಕೆ. ಅಪ್ಪ ದೊಡ್ಡ ಮನಸ್ಸು ಮಾಡಿ, "ನಮಗ ಗರಜಿಲ್ಲ, ತಮ್ಮನ ಹೊಲದಾಗ ಕೂಡ್ರಸ್ರಿ" ಎಂದುಬಿಟ್ಟ.

ಹೊಲಕ್ಕೆ ಗೊಬ್ಬರ ಬೇಕೆಂದು ಅವ್ವನಿಗೆ ಗೊತ್ತಿತ್ತು. ಹೋದ ವರ್ಷದ ಜೊಳ್ಳು ತೆನೆ ಮುರಿದವಳು ಅವಳೇ. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಬೆಳೆ. ಹಿಂಡು ಕಾಕಾನ ಬದು ಮುಟ್ಟುವಷ್ಟರಲ್ಲಿ ಓಡಿಹೋಗಿ ಅಡ್ಡ ನಿಂತಳು.

"ನಿಂದ್ರಸ್ರಿ! ನಾ ಕೊಟ್ಟದ್ದು ಹೊಲದ ಮಣ್ಣಲ್ಲ, ತಿಪ್ಪಿ ಮಣ್ಣು!"

ಕಾಕಾ ನಗಬೇಕಿತ್ತು. ನಗದೆ ಕಾಲಲ್ಲಿ ಹೆಂಟೆ ಒಡೆಯತೊಡಗಿದ.

"ನಾನೂ ನನ್ನ ಹೊಲದ್ದು ಕೊಟ್ಟಿಲ್ಲ ವೈನಿ," ಎಂದ. "ನಿಮ್ದು ಛಲೋ ಇರ್ತದ ಅಂತ ನಿಮ್ಮ ಹೊಲದ ನಡುವಿಂದೇ ತುಂಬಕೊಂಡು ಹೋಗಿದ್ದೆ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವ್ವ ಮಾತ್ರ ನಗಲಿಲ್ಲ. ಚಾವಡಿಯಲ್ಲಿ ಸತ್ವ ಹೋಗಿದೆ ಎನಿಸಿಕೊಂಡದ್ದು ಅವಳ ಹೊಲವೇ, ಅವಳು ಸೆರಗು ಹಿಡಿದು ನಕ್ಕದ್ದೂ ಅದಕ್ಕೇ. ಅವಳ ಕಣ್ಣು ತುಂಬಿದ್ದು ಕಂಡು ನನಗೂ ನಗು ನಿಂತು ಸಂಕಟವಾಯಿತು. ಅವಳು ಬದುವಿನಾಚೆಯ ನಮ್ಮ ಹೊಲದಿಂದ ಒಂದು ಹಿಡಿ ಮಣ್ಣೆತ್ತಿ, ಆ ಮಣ್ಣಿಗೇ, "ಇಷ್ಟು ದಿನಾ ಉಪಾಸ ಇದ್ದೇನವ್ವಾ" ಎಂದಳು. ಆಮೇಲೆ ಕುರಿಗಾರನ ಕೈಯ ಕೋಲು ಕಸಿದುಕೊಂಡು ಹಿಂಡನ್ನು ತಾನೇ ನಮ್ಮ ಹೊಲದತ್ತ ತಿರುಗಿಸಿದಳು. ಹಿಂದೆ ಉಳಿದ ಕುರಿಗಳನ್ನು ಕಾಕಾ ಗೊಣಗುತ್ತಲೇ ಹೊಡೆದುಕೊಂಡು ಬಂದ.