ಗಾದಿಲಿಂಗಪ್ಪನವರ ಬನ್ನಿ

ಸರ್ಕಾರಿ ನೌಕರಿಯಿಂದ ನಿವೃತ್ತರಾದ ಗಾದಿಲಿಂಗಪ್ಪನವರು ಕನಕಗಿರಿ ಸಮೀಪದ ತಮ್ಮ ಊರಿನಲ್ಲಿ ಮನೆ ಕಟ್ಟಿಸಿದರು. ಗೋಡೆಗೆ ಬಣ್ಣ ಬೀಳುವ ಮುಂಚೆಯೇ ಗೇಟಿಗೆ ಹೆಸರು ಬಿತ್ತು. ಊರು ತಮ್ಮ ಬಾಗಿಲಿಗೆ ಬರಬೇಕೆಂಬುದು ಅವರ ಒಂದೇ ಆಸೆ. ಅದಕ್ಕೆ ಕಂಡುಕೊಂಡ ದಾರಿ ಬನ್ನಿ ಗಿಡ. ದಸರೆಯ ದಿನ ಜನ ಊರಾಚೆಯ ಹಳೆಯ ಬನ್ನಿಗೆ ಹೋಗಿ, ಎಲೆ ತಂದು, ಹಿರಿಯರ ಕೈಗಿಟ್ಟು ಕಾಲಿಗೆರಗುತ್ತಾರೆ. ಆ ಬನ್ನಿ ತಮ್ಮ ಗೇಟಿನ ಮುಂದೆಯೇ ಇದ್ದರೆ?

ಹಳ್ಳದ ದಂಡೆಯಿಂದ ಸಸಿಯೊಂದನ್ನು, ಬನ್ನಿಯೆಂದೇ ತಿಳಿದು, ಅವರೇ ಕಿತ್ತು ತಂದು ಗೇಟಿನ ಮುಂದೆ ನೆಟ್ಟರು. ಅದು ಬಳ್ಳಾರಿ ಜಾಲಿ. ಎರಡೂ ಒಂದೇ ಕುಲದವು, ಎಳೆಯದರಲ್ಲಿ ಹೋಲುತ್ತವೆ. ಆದರೆ ಬನ್ನಿ ಏಳಲು ವರ್ಷಗಳು ಬೇಕು. ಇದು ಎರಡನೇ ಮಳೆಗಾಲಕ್ಕೇ ಕಾಂಪೌಂಡ್ ದಾಟಿತು. ಊರೆಲ್ಲ ನೋಡಿತು, ಯಾರೂ ಬಾಯಿ ಬಿಡಲಿಲ್ಲ. ಹೆಂಡತಿ ಸುರೇಖಾ ಮಾತ್ರ ಹೇಳಿದರು.

"ಏನ್ರಿ, ಇದು ಜಾಲಿ ಐತ್ರಿ."

"ನಾ ಹಚ್ಚೀನಿ ಅಂದ್ರ ಬನ್ನಿ. ಸುಮ್ನಿರು."

ಮರುವಾರವೇ ಗಿಡದ ಸುತ್ತ ಕಟ್ಟೆ ಎದ್ದಿತು, ಟೈಲ್ಸ್ ಸಮೇತ.

ಹೋದ ದಸರೆಗೆ ಶಲ್ಯ ಹೊದ್ದು, ಕಟ್ಟೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು. ಜನ ಅವರ ಮುಂದೆಯೇ ಹಾದು ಊರಾಚೆ ಹೋದರು. ಮರಳಿ ಬರುವಾಗ ಮಾತ್ರ, ಪದ್ಧತಿ ಬಿಡಬಾರದೆಂದು, ನಿಂತರು.

"ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ ಸರ."

ಸರ್ ಅವರ ಅಂಗೈ ತುಂಬ ಹಳೆಯ ಗಿಡದ ಎಲೆ.

ಸಾಲಿನ ಕೊನೆಗೆ ಎದುರುಮನೆಯ ಮುದುಕಿ ಫಕೀರಮ್ಮ, ಜೊತೆಗೆ ಅವಳ ಆಡು. ವಯಸ್ಸಿನಲ್ಲಿ ಹಿರಿಯಳು. ಗಾದಿಲಿಂಗಪ್ಪನವರು ಎದ್ದು, ತಮ್ಮ ಗಿಡದ ಎಲೆ ಕಿತ್ತು ಅವಳ ಕೈಗಿಟ್ಟರು. ಒಬ್ಬರಾದರೂ ತೆಗೆದುಕೊಂಡರೆ ಸಾಕಿತ್ತು. ಅವಳು ಅದನ್ನು ಆಡಿನ ಬಾಯಿಗೆ ಹಿಡಿದಳು. ಆಡು ಮೂಸಿ ಮುಖ ತಿರುಗಿಸಿತು.

"ತಮ್ಮಾ, ನಿನ್ನ ಬಂಗಾರ ನಮ್ಮ ಆಡೂ ಒಲ್ಲೆ ಅಂತೈತಿ!"

ಓಣಿ ನಕ್ಕಿತು. ಬಾಗಿಲೊಳಗೆ ಸುರೇಖಾ ಸೆರಗು ಬಾಯಿಗಿಟ್ಟುಕೊಂಡರು.

ಮರುದಿನ ಗಾದಿಲಿಂಗಪ್ಪನವರು ಗಿಡ ಕಡಿಸಿ ಹಾಕಿದರು. "ಬನ್ನಿಗೆ ರೋಗ ಹತ್ತಿತ್ರಿ" ಎಂದು ಕೇಳದವರಿಗೂ ಹೇಳಿದರು. ಬನ್ನಿಗೆ ಯಾರೂ ಕೊಡಲಿ ಹಾಕುವುದಿಲ್ಲ ಎಂಬುದು ಅವರಿಗೆ ನೆನಪಾಗಲಿಲ್ಲ. ಬುಡ ಕಿತ್ತರೆ ಟೈಲ್ಸ್ ಒಡೆಯುತ್ತಿದ್ದವು, ಹಾಗೇ ಬಿಟ್ಟರು.

ಈ ಮುಂಗಾರಿಗೆ ಟೈಲ್ಸ್ ಸಂದಿನಿಂದ ಜಾಲಿ ಮತ್ತೆ ಚಿಗುರಿದೆ. ಗಾದಿಲಿಂಗಪ್ಪನವರು ಕುರ್ಚಿಯನ್ನು ಪುನಃ ಹೊರಗೆ ಹಾಕಿಸಿದ್ದಾರೆ. ಹೋಗಿಬರುವವರನ್ನು ನಿಲ್ಲಿಸಿ ಚಿಗುರು ತೋರಿಸುತ್ತಾರೆ:

"ನೋಡ್ರಿ, ಖರೇ ಬನ್ನಿ ಅಷ್ಟು ಸರಳ ಸಾಯಂಗಿಲ್ಲ."