ತಂಡ ಬಿಟ್ಟ ಮೇಲೆ ಮೊದಲ ಹಾಡು

ನಾವು ನಾಲ್ವರೂ ಹೊಸೂರಿನ ಒಂದೇ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಭಾನುವಾರ ಜೂಜುವಾಡಿಯ ಟೈರ್ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಸೇರಿ ನುಡಿಸುತ್ತಿದ್ದೆವು. ಎರಡು ಗಿಟಾರ್, ಒಂದು ಕೀಬೋರ್ಡ್, ಡ್ರಮ್ಸ್. ಹಾಡುವವನು ನಾನು. ಐದು ವರ್ಷ ಹೀಗೇ ನಡೆಯಿತು. ಅಷ್ಟು ದಿನದಲ್ಲಿ ಒಂದು ಸಲವೂ ನಾನು ಒಬ್ಬನೇ ಜನರೆದುರು ನಿಂತವನಲ್ಲ. ಶ್ರುತಿ ತಪ್ಪಿದರೆ ಡ್ರಮ್ಸ್ ಮುಚ್ಚಿಹಾಕುತ್ತಿತ್ತು. ಸಾಲು ಮರೆತರೆ ಪಕ್ಕದಲ್ಲಿ ಲೀಡ್ ಗಿಟಾರ್ ನುಡಿಸುತ್ತಿದ್ದ ಗೆಳೆಯ ಎತ್ತಿಕೊಳ್ಳುತ್ತಿದ್ದ.

ಮದುವೆ ಆರತಕ್ಷತೆಗಳಿಂದ ಕರೆ ಬರತೊಡಗಿದ ಮೇಲೆ ಉಳಿದ ಮೂವರೂ ಸಿನಿಮಾ ಹಾಡುಗಳಷ್ಟೇ ಸಾಕು ಎಂದರು. ನಾನು ಬರೆದ ಮೆಲುದನಿಯ ಹಾಡುಗಳು ಅಭ್ಯಾಸಕ್ಕೂ ಬೇಡವಾದವು. ಒಂದು ದಿನ ಮಾತಿಗೆ ಮಾತು ಬೆಳೆದು ಗಿಟಾರನ್ನು ಚೀಲಕ್ಕೆ ಹಾಕಿಕೊಂಡು ಎದ್ದುಬಿಟ್ಟೆ. ಲೀಡ್ ಗಿಟಾರಿನ ಗೆಳೆಯ ಮೆಟ್ಟಿಲವರೆಗೂ ಬಂದ.

"ಒಬ್ನೇ ಹೋಗಿ ಏನ್ ಮಾಡ್ತೀಯಲಾ? ಜನ ನೋಡಿದ್ರೆ ನಿಂಗೆ ಕೈ ನಡುಗ್ತದೆ. ನಂಗೊತ್ತಿಲ್ವಾ?"

ಅವನು ಹೀಯಾಳಿಸಲು ಹೇಳಿದ್ದಲ್ಲ. ನನಗೆ ಹೆದರಿಕೆಯಾದದ್ದೂ ಅದಕ್ಕೇ.

ಆಮೇಲೆ ಐದಾರು ತಿಂಗಳು ಮನೆಯ ಗೋಡೆಗೇ ಹಾಡಿಕೊಂಡಿದ್ದೆ. ನಮ್ಮ ಪಕ್ಕದ ಮನೆಯ ಟೀಚರ್ ಸಾನಮಾವು ಕಾಡಿನಂಚಿನ ಒಂದು ಹಳ್ಳಿಯ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದರು. ಕಾಂಪೌಂಡಿನಾಚೆಯಿಂದ ಹಾಡು ಕೇಳಿಸಿಕೊಂಡಿದ್ದ ಅವರು ಒಂದು ಸಂಜೆ ಬಾಗಿಲಿಗೆ ಬಂದು ಹೇಳಿದರು:

"ನಮ್ ಸ್ಕೂಲ್ ವಾರ್ಷಿಕೋತ್ಸವ ಐತೆ. ಎರಡೇ ಹಾಡು ಹೇಳ್ಬುಟ್ಟು ಬಾರಪ್ಪ. ಮಕ್ಳು ತಾನೇ, ಅವರ್ಗೂ ಹೆದರ್ತೀಯಾ?"

ಹೆದರುತ್ತೇನೆ ಎಂದು ಹೇಳಲಾಗದೆ ಒಪ್ಪಿಕೊಂಡೆ.

ಆ ದಿನ ಬೆಳಿಗ್ಗೆ ಕುಡಿದ ಕಾಫಿ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಟೀಚರ್ ಜೊತೆ ಬಸ್ಸಿನಲ್ಲಿ ಹೋಗುವಾಗ ಮೊದಲ ಹಾಡಿನ ಎರಡನೇ ಚರಣ ನೆನಪಿಗೆ ಬರದೆ ಚೀಟಿ ತೆಗೆದು ನೋಡಿದೆ. ಮಡಚಿಟ್ಟ ಕೂಡಲೇ ಮತ್ತೆ ಮರೆತೆ. ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು, ಮೈಕ್ ಕಟ್ಟಿದ್ದರು. ಪ್ರಾರ್ಥನೆ, ಸ್ವಾಗತ, ಆಮೇಲೆ ನಾನು.

ಪ್ರಾರ್ಥನೆ ಮುಗಿಯುವಷ್ಟರಲ್ಲಿ ಅರಣ್ಯ ಇಲಾಖೆಯ ವಾಚರ್ ಒಬ್ಬರು ಓಡಿಬಂದು ಮೈಕಿನ ವೈರನ್ನೇ ಕಿತ್ತರು. ರಾಗಿ ಹೊಲಕ್ಕೆ ಬಂದಿದ್ದ ಆನೆಗಳು ಬೆಳಕು ಹರಿದರೂ ಕಾಡಿಗೆ ಹಿಂದಿರುಗದೆ ಶಾಲೆಯ ಹಿಂದಿನ ನೀಲಗಿರಿ ತೋಪಿನಲ್ಲೇ ನಿಂತಿದ್ದವಂತೆ.

"ಯಾರುಂ ವೆಳಿಯ ವರಾದೀಂಗ! ಸತ್ತಂ ವೇಂಡಾಂ!" ಎಂದು ಅವರು ತಮಿಳಿನಲ್ಲಿ ಹೇಳಿದ್ದನ್ನೇ ಟೀಚರ್ ಮಕ್ಕಳಿಗೆ ಹೇಳಿದರು: "ಯಾರೂ ಆಚೆ ಹೋಗ್ಬೇಡ್ರಿ. ಸದ್ದು ಮಾಡ್ಬೇಡ್ರಿ."

ಎಲ್ಲರನ್ನೂ ದೊಡ್ಡ ಕೊಠಡಿಯೊಳಗೆ ತುಂಬಿ ಬಾಗಿಲು ಹಾಕಿದರು. ನಾಚಿಕೆಯ ಮಾತು, ಆದರೂ ಹೇಳುತ್ತೇನೆ: ಆ ಕ್ಷಣ ನನಗಾದದ್ದು ಸಮಾಧಾನ. ಇನ್ನು ಹಾಡಬೇಕಾಗಿಲ್ಲ ಎಂದುಕೊಂಡೆ.

ಆ ಸಮಾಧಾನ ಉಳಿದದ್ದು ಸ್ವಲ್ಪ ಹೊತ್ತು ಮಾತ್ರ. ಹಿಂದುಗಡೆ ಕೊಂಬೆ ಮುರಿದ ಸದ್ದಾಯಿತು. ಆಮೇಲೆ ಬೇಲಿಯ ಕಲ್ಲುಕಂಬ ಬಿದ್ದ ಸದ್ದು, ಇನ್ನೂ ಹತ್ತಿರದಲ್ಲಿ. ಒಂದನೇ ತರಗತಿಯ ಹುಡುಗಿಯೊಬ್ಬಳು ಅಳತೊಡಗಿದಳು. ಅವಳನ್ನು ನೋಡಿ ಇನ್ನೊಬ್ಬಳು, ಆಮೇಲೆ ಒಂದು ಸಾಲಿಗೆ ಸಾಲೇ. ಕಿಟಕಿಯಾಚೆ ನಿಂತಿದ್ದ ವಾಚರ್ ಎರಡೂ ಕೈ ಎತ್ತಿ ಬೇಡಿಕೊಳ್ಳುವಂತೆ ಸನ್ನೆ ಮಾಡುತ್ತಿದ್ದರು. ಟೀಚರ್ ನನ್ನ ತೋಳು ಹಿಡಿದರು.

"ಹಾಡಪ್ಪ."

"ಈಗಾ?"

"ಮೆಲ್ಲಗೆ ಹಾಡು. ಇವರ ಅಳು ನಿಲ್ಲಬೇಕು."

ಗಿಟಾರ್ ತೆಗೆದೆ. ಬೆರಳುಗಳು ತಂತಿಯ ಮೇಲೆ ನಿಲ್ಲಲಿಲ್ಲ. ಗೆಳೆಯ ಹೇಳಿದಂತೆ ಕೈ ನಡುಗುತ್ತಿತ್ತು. ಅದು ಆನೆಗೋ ಇಷ್ಟೊಂದು ಕಣ್ಣುಗಳಿಗೋ ಇವತ್ತಿಗೂ ಗೊತ್ತಿಲ್ಲ. ಗಿಟಾರನ್ನು ನೆಲಕ್ಕಿಟ್ಟು, ಮೊದಲು ಅಳತೊಡಗಿದ ಹುಡುಗಿಯ ಎದುರು ಕುಳಿತು, ಬರಿ ಗಂಟಲಿನಲ್ಲಿ ಶುರುಮಾಡಿದೆ. ಮೊದಲ ಸಾಲು ಗಾಳಿಯಂತೆ ಬಂತು, ದನಿಯೇ ಇಲ್ಲ. ಎರಡನೆಯದಕ್ಕೆ ಸ್ವಲ್ಪ ಕೂಡಿತು. ಚರಣ ಮರೆತೇ ಹೋಗಿತ್ತು. ಗೊತ್ತಿದ್ದ ನಾಲ್ಕು ಸಾಲನ್ನೇ ಮತ್ತೆ ಮತ್ತೆ ಹಾಡಿದೆ. ಹುಡುಗಿ ಬಿಕ್ಕುತ್ತಲೇ ನನ್ನ ಬಾಯಿಯನ್ನು ನೋಡುತ್ತಿದ್ದಳು.

ಹೊರಗೆ ನೀರಿನ ಡ್ರಮ್ ಉರುಳಿತು. ಗೋಡೆಯಾಚೆ ಉಸಿರು ಬಿಟ್ಟ ಸದ್ದು, ಲಾರಿಯ ಏರ್ ಬ್ರೇಕ್ ಬಿಟ್ಟಂತೆ. ನಾನು ನಿಲ್ಲಿಸಿಬಿಟ್ಟೆ. ಕೊಠಡಿಯಲ್ಲಿ ಯಾರೂ ಮಿಸುಕಲಿಲ್ಲ. ಟೀಚರ್ ತುಟಿ ಅಲುಗಿಸಿ "ಹಾಡು" ಎಂದರು. ಮತ್ತೆ ಮೊದಲ ಸಾಲಿನಿಂದ ಹಿಡಿದೆ. ಎಷ್ಟು ಹೊತ್ತು ಹಾಡಿದೆನೋ ತಿಳಿಯದು. ಕೊನೆಗೆ ದೂರದಲ್ಲಿ ಆನೆ ಓಡಿಸುವವರ ಪಟಾಕಿ ಸಿಡಿಯಿತು. ಆನೆಗಳು ಕೆರೆಯ ಕಡೆಗೆ ಇಳಿದವು ಎಂದು ವಾಚರ್ ಬಾಗಿಲು ತಟ್ಟಿ ಹೇಳಿದರು.

ನಾನು ಕುಳಿತಲ್ಲೇ ಕುಳಿತೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮಕ್ಕಳು ಬಿದ್ದ ಬೇಲಿಯನ್ನು ನೋಡಲು ಓಡಿದರು. ವಾಚರ್ ಒಳಗೆ ಬಂದು ನನ್ನ ಪಕ್ಕ ನೆಲದ ಮೇಲೆ ಕುಳಿತರು.

"ಯಾರ್ ಹಾಡು ಸಾರ್ ಅದು?" ತಮಿಳು ಬೆರೆತ ಕನ್ನಡದಲ್ಲಿ ಕೇಳಿದರು.

"ನಂದೇ."

"ಆಚೆ ನಾನೊಬ್ನೇ ಇದ್ದೆ. ಓಡ್ಬುಡೋಣ ಅನ್ಸ್ತು ಸಾರ್. ನಿಮ್ದು ಕೇಳ್ತಾ ಇತ್ತು, ನಿಂತ್ಕೊಂಡೆ."

ಇಬ್ಬರೂ ಒಂದೇ ಲೋಟದ ನೀರು ಕುಡಿದೆವು.

ಮನೆಗೆ ಬಂದು ಬೂಟು ಬಿಚ್ಚದೆ ಮಲಗಿದವನು ಸಂಜೆಗೆ ಎದ್ದೆ. ಅಮ್ಮ "ಎಂಗಿತ್ತು?" ಎಂದು ಕೇಳಿದರೆ "ಆಯ್ತು" ಎಂದಷ್ಟೇ ಹೇಳಿದೆ.

ನಿಂತುಹೋದ ವಾರ್ಷಿಕೋತ್ಸವವನ್ನು ಮುಂದಿನ ತಿಂಗಳು ಮಾಡಿದರು. ಟೀಚರ್ ಮತ್ತೆ ಕರೆದರು, ನಾನು ಮತ್ತೆ ಹೆದರಿದೆ. ಬೆಳಿಗ್ಗೆ ಏನನ್ನೂ ಕುಡಿಯದೆ ಹೋದೆ. ಮೈಕಿನ ಮುಂದೆ ಒಬ್ಬನೇ ನಿಂತು ಎರಡೂ ಹಾಡು ಹೇಳಿದೆ. ಎರಡನೆಯದು ನಡುವೆ ತಪ್ಪಿತು. ತಪ್ಪಿತು ಎಂದು ಮಕ್ಕಳಿಗೇ ಹೇಳಿ ಇನ್ನೊಮ್ಮೆ ಶುರುಮಾಡಿದೆ.