ಬಿಷಪರ ಬಾಯಲ್ಲಿ ಉಳಿದದ್ದು ತುಳು ಮಾತ್ರ

ಜಾಲ್ಸೂರಿನ ಹೋಟೆಲಿನಲ್ಲಿ ಬಿಷಪರ ಕೈಯಿಂದ ಚಹಾದ ಗ್ಲಾಸು ಜಾರಿ ಬಿತ್ತು. ಬೆಳಿಗ್ಗೆ ಹತ್ತೂವರೆ ಆಗಿತ್ತು. ಕಾಸರಗೋಡು ಕಡೆ ಒಂದು ಮದುವೆಗೆ ಹೊರಟಿದ್ದೆವು. ಸಕ್ಕರೆ ಇಲ್ಲದ ಚಹಾದ ಮೇಲಿನ ಸಿಟ್ಟು ಇರಬೇಕು ಎಂದುಕೊಂಡೆ. ಆ ಸಿಟ್ಟು ನನಗೆ ಹೊಸದಲ್ಲ. "ಇನ್ನೊಂದು ಹೇಳ್ಲಾ?" ಎಂದು ಕೇಳಿದೆ. ಅವರು ಬಾಯಿ ತೆರೆದರು. ತುಟಿಯ ಬಲಗಡೆ ಸ್ವಲ್ಪ ಕೆಳಗೆ ಜಾರಿತ್ತು.

ಮಾತು ಬರಲಿಲ್ಲ.

ನಾನು ಕುಶಾಲಪ್ಪ, ಅವರ ಡ್ರೈವರ್. ಕಡಬ ತಾಲೂಕಿನವನು, ಮನೆಮಾತು ತುಳು. ಅವರ ಮತಕ್ಕೂ ನನಗೂ ಸಂಬಂಧವಿಲ್ಲ. ಆದರೆ ಹತ್ತೊಂಬತ್ತು ವರ್ಷಗಳಿಂದ ಅವರ ಪ್ರಸಂಗಗಳನ್ನು ಚರ್ಚಿನ ಹೊರಗೆ ಕಾರಿನಲ್ಲಿ ಕುಳಿತು ಕೇಳಿದ್ದೇನೆ. ಅಷ್ಟು ಮಾತಾಡುವ ಮನುಷ್ಯ ಸುಮ್ಮನಾದದ್ದು ಕಂಡು ಅವರನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದೆ. ಕಾರು ತಿರುಗಿಸಿ ಸುಳ್ಯದ ಆಸ್ಪತ್ರೆಗೆ ಬಂದೆ. ದಾರಿಯಲ್ಲಿ ಎಷ್ಟು ಹಾರ್ನ್ ಹಾಕಿದೆನೋ ಲೆಕ್ಕವಿಲ್ಲ.

ಸಿಟಿ ಸ್ಕ್ಯಾನ್ ಆಯಿತು. ಡಾಕ್ಟರ್ ಮೇಡಂ ಹೊರಗೆ ಬಂದರು.

"ಸ್ಟ್ರೋಕ್. ಬೇಗ ತಂದದ್ದು ಒಳ್ಳೇದಾಯ್ತು. ಇಂಜೆಕ್ಷನ್ ಕೊಡ್ಬೇಕು, ಸೈನ್ ಬೇಕು. ನೀವು ಅವರಿಗೆ ಎಂತ ಆಗ್ಬೇಕು?"

"ಡ್ರೈವರ್ ಮೇಡಂ."

"ಹೆಂಡತಿ, ಮಕ್ಕಳು?"

"ಬಿಷಪರು ಮೇಡಂ."

"ಅದಲ್ಲ ಮಾರಾಯ್ರೆ, ಮನೆಯವರು ಯಾರಾದ್ರೂ ಇದ್ದಾರಾ?"

ಇದ್ದವರೆಲ್ಲ ಕೇರಳದಲ್ಲಿ. ಬಿಷಪರು ಇಪ್ಪತ್ತಾರನೇ ವಯಸ್ಸಿನಲ್ಲಿ ಕೇರಳದ ಬೆಟ್ಟದೂರಿನಿಂದ ಒಂದು ತಗಡಿನ ಪೆಟ್ಟಿಗೆಯೊಂದಿಗೆ ಇಲ್ಲಿಗೆ ಬಂದವರು. ರಬ್ಬರ್ ಹಾಕಲು ಬಂದ ಮಲಯಾಳಿ ಕುಟುಂಬಗಳಿಗೆ ಆಗ ಚರ್ಚೂ ಇರಲಿಲ್ಲ, ರಸ್ತೆಯೂ ಇರಲಿಲ್ಲ. ಮುಳಿಹುಲ್ಲಿನ ಕೊಟ್ಟಿಗೆಯಲ್ಲಿ ಪೂಜೆ ಮಾಡುತ್ತಿದ್ದರಂತೆ. ಮೊದಲ ತಿಂಗಳಲ್ಲೇ ಪಕ್ಕದ ತೋಟದ ಯಜಮಾನರು, "ನಿಮ್ಮ ದೇವರಿಗೆ ನನ್ನದೊಂದು ಮುಡಿ" ಎಂದಿದ್ದರು. ನಮ್ಮಲ್ಲಿ ಮುಡಿ ಎಂದರೆ ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿ. ಮಲಯಾಳದಲ್ಲಿ ಮುಡಿ ಎಂದರೆ ತಲೆಕೂದಲು. ಇವರು ಕೈಮುಗಿದು, "ಬೇಡ, ನಮ್ಮಲ್ಲಿ ಆ ಕ್ರಮ ಇಲ್ಲ" ಎಂದುಬಿಟ್ಟರು. ಆ ಮಳೆಗಾಲವಿಡೀ ಮರಗೆಣಸು ತಿಂದರು. ಈ ಕಥೆಯನ್ನು ಅವರೇ ನೂರು ಸಲ ಹೇಳಿ ನಕ್ಕಿದ್ದಾರೆ.

ನಾನು ಫೋನ್ ಮಾಡಿದ ಮೇಲೆ ಬಿಷಪರ ಕಾರ್ಯದರ್ಶಿ ಫಾದರ್ ಜಿಬಿ ಓಡಿ ಬಂದು ಸೈನ್ ಹಾಕಿದರು. ಕೇರಳದಿಂದ ಬಂದು ಆರು ತಿಂಗಳಾಗಿತ್ತಷ್ಟೇ. ಪಾಪದ ಹುಡುಗ, ತುಳು ಒಂದಕ್ಷರ ಬಾರದು.

ಎರಡು ದಿನ ಬಿಷಪರು ಐಸಿಯುನಲ್ಲಿ ಕಣ್ಣುಮುಚ್ಚಿ ಮಲಗಿದ್ದರು. ಮೂರನೇ ದಿನ ಫಾದರ್ ಜಿಬಿ ಅವರ ಕಿವಿಯ ಹತ್ತಿರ ಬಗ್ಗಿ ಗಟ್ಟಿಯಾಗಿ ಪ್ರಾರ್ಥಿಸುತ್ತಿದ್ದರು. ಒಮ್ಮೆಲೇ ಬಿಷಪರು ಕಣ್ಣು ಬಿಟ್ಟು, ಸ್ಪಷ್ಟವಾಗಿ ಹೇಳಿದರು.

"ಅಂಡೆಪಿರ್ಕಿ!"

ಪಕ್ಕದಲ್ಲಿದ್ದ ನರ್ಸ್ ಮುಖ ತಿರುಗಿಸಿ ನಕ್ಕಳು. ಅದು ತುಳುವಿನಲ್ಲಿ ತಲೆಕೆಟ್ಟವನಿಗೆ ಬೈಯುವ ಮಾತು. ಬಿಷಪರನ್ನು 'ಪಿತಾವು' ಎಂದೇ ಕರೆಯುವ ಫಾದರ್ ಕಣ್ಣಲ್ಲಿ ನೀರು.

"ಕುಶಾಲಪ್ಪಣ್ಣ, ಪಿತಾವು ಏನು ಹೇಳಿದರು? ನಮ್ಮ ಹಳೆಯ ಸುರಿಯಾನಿ ಭಾಷೆಯ ಪ್ರಾರ್ಥನೆಯಾ?"

"ಆಶೀರ್ವಾದ ಮಾಡಿದ್ರು ಫಾದರ್," ಎಂದೆ.

ಅವರು ತಲೆಬಾಗಿಸಿ ಶಿಲುಬೆಯ ಗುರುತು ಹಾಕಿಕೊಂಡರು.

ಆಮೇಲೆ ಬಂದದ್ದೆಲ್ಲ ತುಳುವೇ. ನೀರು ಬೇಕಾದರೂ ತುಳು, ದಿಂಬು ಸರಿಮಾಡಲೂ ತುಳು. ಹುಟ್ಟಿನಿಂದ ಬಂದ ಮಲಯಾಳ ಇಲ್ಲ. ಸೆಮಿನರಿಯಲ್ಲಿ ಕಲಿತ ಇಂಗ್ಲಿಷ್ ಇಲ್ಲ. ಕಷ್ಟಪಟ್ಟು ಕಲಿತ ಕನ್ನಡವೂ ಇಲ್ಲ. ನಾವು ಆಡಿದ್ದೆಲ್ಲ ಅವರಿಗೆ ಅರ್ಥವಾಗುತ್ತಿತ್ತು, ಆದರೆ ತಿರುಗಿ ಹೇಳಲು ಹೋದರೆ ತುಳು ಬಿಟ್ಟು ಬೇರೆ ಬರುತ್ತಿರಲಿಲ್ಲ. ಹಲವು ಭಾಷೆ ಬಲ್ಲವರಿಗೆ ಅಪರೂಪಕ್ಕೆ ಹೀಗಾಗುವುದುಂಟು, ಯಾವುದು ಉಳಿಯುತ್ತದೆಂದು ಮೊದಲೇ ಹೇಳಲಾಗದು ಎಂದರು ಡಾಕ್ಟರ್. ಅವರ ತುಳುವೋ, ಮೊದಲ ಚರ್ಚು ಕಟ್ಟುವಾಗ ಕಲ್ಲು ಹೊತ್ತ ಹೆಂಗಸರಿಂದ ಕಲಿತದ್ದು. ಅದರಲ್ಲಿ ಪ್ರಾರ್ಥನೆಗಿಂತ ಬೈಗುಳವೇ ಹೆಚ್ಚು.

ಹತ್ತೊಂಬತ್ತು ವರ್ಷ ಅವರ ಜೊತೆ ತಿರುಗಿ ಮಲಯಾಳ ಕಲಿತಿದ್ದ ನಾನು ಹೀಗೆ ದುಭಾಷಿಯಾದೆ. ನೋಡಲು ಬಂದವರು ಮಲಯಾಳದಲ್ಲಿ ಅಳುವುದು, ಅವರು ತುಳುವಿನಲ್ಲಿ ಸಮಾಧಾನ ಹೇಳುವುದು, ನಡುವೆ ಸ್ಟೂಲಿನ ಮೇಲೆ ನಾನು. ಬೈಗುಳ ಬಂದಲ್ಲೆಲ್ಲ 'ದೇವರು ಒಳ್ಳೇದು ಮಾಡಲಿ' ಎಂದು ತಿರುಗಿಸುತ್ತಿದ್ದೆ. ನೋಡಿ ಹೋದವರೆಲ್ಲ, ಪಿತಾವು ಕಾಯಿಲೆಯಲ್ಲಿ ಬಹಳ ಮೃದುವಾಗಿದ್ದಾರೆ ಎಂದು ಊರಲ್ಲಿ ಹೇಳಿದರಂತೆ.

ಐದನೇ ದಿನ ಅವರ ಅಕ್ಕ ಅನ್ನಮ್ಮ ಕೇರಳದಿಂದ ಬಂದರು. ಎಂಬತ್ತೆರಡು ವರ್ಷ. ಬಿಳಿ ಮುಂಡು, ಕಿವಿಯಲ್ಲಿ ದೊಡ್ಡ ಬಳೆಯೋಲೆ. ಬಾಗಿಲಲ್ಲೇ "ಬೇಬಿಯೇ!" ಎಂದು ಕೂಗಿದರು. ನರ್ಸ್ ಗಾಬರಿಯಿಂದ ವಾರ್ಡಿನಲ್ಲಿ ಮಗುವನ್ನು ಹುಡುಕಿದಳು. ಎಪ್ಪತ್ತೇಳು ವರ್ಷದ ಬೇಬಿ ಮಂಚದಲ್ಲಿ ಕುಳಿತು ಅಳುತ್ತಿತ್ತು.

ಅನ್ನಮ್ಮ ಎಲ್ಲ ತೀರ್ಮಾನಿಸಿಯೇ ಬಂದಿದ್ದರು. ಊರಿನ ಹತ್ತಿರ ವಯಸ್ಸಾದ ಪಾದ್ರಿಗಳ ಮನೆಯೊಂದಿದೆ, ಅಲ್ಲಿ ಕೋಣೆ ಸಿದ್ಧವಾಗಿದೆ. ಇಲ್ಲಿ ಇವನಿಗೆ ಯಾರಿದ್ದಾರೆ? "ಹೋಗೋಣ ಬೇಬಿ," ಎಂದು ಕೈಹಿಡಿದರು. ಬಿಷಪರು ಅಡ್ಡಡ್ಡ ತಲೆಯಾಡಿಸಿದರು.

"ಯಾನ್ ಬರ್ಪುಜಿ. ಎನ್ನ ಊರು ಉಂದು."

ಅನ್ನಮ್ಮ ನನ್ನ ಮುಖ ನೋಡಿದರು. ನಾನು ಬರುವುದಿಲ್ಲ, ನನ್ನ ಊರು ಇದು. ಇಷ್ಟೇ ಹೇಳಬೇಕಿತ್ತು. ಅಷ್ಟು ದೂರದಿಂದ ಬಂದ ಮುದುಕಿಗೆ ಹೇಗೆ ಹೇಳುವುದು? ನಾನು ಮಲಯಾಳದಲ್ಲಿ, "ಆಲೋಚನೆ ಮಾಡ್ತಾರಂತೆ, ಮಳೆ ಕಳೆದ ಮೇಲೆ ನೋಡುವ ಅಂತ," ಎಂದೆ.

ಬಿಷಪರ ಎಡಗೈ ಮಂಚದ ಕಬ್ಬಿಣಕ್ಕೆ ಬಡಿಯಿತು.

"ಸರಿ ಪಣ್ಲ!" ಸರಿಯಾಗಿ ಹೇಳು ಎಂದು. ಅದರ ಹಿಂದೆ ಕಲ್ಲು ಹೊತ್ತವರ ಇನ್ನೆರಡು ಮಾತು ಬಂತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಸರಿಯಾಗಿ ಹೇಳಿದೆ.

ಅನ್ನಮ್ಮ ಸ್ಟೂಲು ಎಳೆದು ಕುಳಿತರು. ಬೇಬಿ ಊರು ಬಿಟ್ಟ ದಿನ ಅಮ್ಮ ಬಸ್ಸಿನ ಹಿಂದೆ ತಿರುವಿನವರೆಗೆ ನಡೆದಿದ್ದಳು, ಮೆಣಸು ಕೊಯ್ಯುವುದರೊಳಗೆ ಬರುತ್ತಾನೆ ಎನ್ನುತ್ತಿದ್ದಳು ಎಂದು ನನಗೆ ಹೇಳಿದರು. ಆಗಾಗ ಬಂದು ಹೋಗುತ್ತಿದ್ದ, ಯಾವಾಗಲೂ ಅತಿಥಿಯ ಹಾಗೆ ಎಂದರು. ಆಮೇಲೆ ಗಂಜಿಯ ತಟ್ಟೆ ಹತ್ತಿರ ಎಳೆದುಕೊಂಡರು.

"ಊಟ ಮಾಡು ಅಂತ ನಿಮ್ಮ ಮಾತಿನಲ್ಲಿ ಹೇಗೆ ಹೇಳುವುದು?"

ಹೇಳಿಕೊಟ್ಟೆ. ಎರಡು ಸಲ ತಪ್ಪಿದರು. ಮೂರನೇ ಸಲ ಚಮಚ ಎತ್ತಿ, "ಒಣಸ್ ಮಲ್ಪು ಬೇಬಿ," ಎಂದರು. ಬಿಷಪರು ಬಾಯಿ ತೆರೆದರು.

ಎಂಟು ದಿನ ಜೊತೆಗಿದ್ದು ಅನ್ನಮ್ಮ ಒಬ್ಬರೇ ಹಿಂದಿರುಗಿದರು.

ಬಿಷಪರು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಸ್ಪೀಚ್ ಥೆರಪಿ ಶುರುವಾಯಿತು. ಕಲಿಸಲು ಬಂದ ಹುಡುಗಿಗೆ ತುಳು ಬಾರದು. ಅವಳು ಚಿತ್ರ ತೋರಿಸುವಳು, ಅವರು ಹೇಳುವರು, ಸರಿಯೋ ತಪ್ಪೋ ಎಂದು ನಾನು ತೀರ್ಪು ಕೊಡುವುದು. ತೆಂಗಿನಕಾಯಿಗೆ ತಾರಾಯಿ, ಸರಿ. ದನಕ್ಕೆ ಪೆತ್ತ, ಸರಿ. ಒಂದು ದಿನ ಬೆಕ್ಕಿನ ಚಿತ್ರ ಬಂತು. "ಪುಚ್ಚೆ," ಎಂದರು. ಸರಿ ಎನ್ನುವಷ್ಟರಲ್ಲಿ ಅವರ ಹುಬ್ಬು ಗಂಟಾಯಿತು. ತುಟಿ ಏನೋ ಹುಡುಕಿತು. "ಪು... ಪೂ... ಪೂಚ್ಚ."

ಮಲಯಾಳದ ಬೆಕ್ಕು!

ಫಾದರ್ ಜಿಬಿ ಅಡುಗೆಮನೆಯಿಂದ ಓಡಿ ಬಂದು ಕುಣಿದರು. ಬಿಷಪರು ಸಂಜೆಯವರೆಗೂ ಸಿಕ್ಕಿದವರಿಗೆಲ್ಲ "ಪೂಚ್ಚ" ಎಂದರು. ಆ ಬೆಕ್ಕಿನ ಹಿಂದೆ ಒಂದೊಂದಾಗಿ ಬೇರೆ ಮಾತುಗಳೂ ಬಂದವು. ವಾರದೊಳಗೆ "ಚೇಚ್ಚಿ" ಬಂತು. ಅಕ್ಕನಿಗೆ ಫೋನ್ ಮಾಡಿ ಅದೊಂದನ್ನೇ ಹೇಳಿ ಇಟ್ಟರು. ಪ್ರಾರ್ಥನೆಗಳು ಅರ್ಧರ್ಧ ಬರುತ್ತಿವೆ. ಕಳೆದ ತಿಂಗಳು ಫಾದರ್ ಜಿಬಿಯ ಆಸರೆಯಲ್ಲಿ ಪೂಜೆಗೆ ನಿಂತರು. ನಡುವೆ ಎರಡು ಸಾಲು ತುಳುವಿನಲ್ಲೇ ಹೋಯಿತು. ಮುದುಕಿಯರು ಒಬ್ಬರ ಮುಖ ಒಬ್ಬರು ನೋಡಿದರು. ಇಲ್ಲೇ ಹುಟ್ಟಿದ ಮಕ್ಕಳು ಮಾತ್ರ ಸರಿಯಾಗಿ "ಆಮೆನ್" ಎಂದರು.

ಬಲಗೈಗೆ ಇನ್ನೂ ಹಿಡಿತ ಬಂದಿಲ್ಲ. ಬಿಪಿ ಮಾತ್ರೆ ಕೊನೆಯವರೆಗೂ ಬೇಕು. ಇಷ್ಟು ಸಿಕ್ಕಿದ್ದು ದೊಡ್ಡದು, ಇದನ್ನು ಕಾಪಾಡಿಕೊಳ್ಳಿ ಎಂದಿದ್ದಾರೆ ಡಾಕ್ಟರ್. ಕಾಪಾಡುತ್ತಿದ್ದೇವೆ.

ನಿನ್ನೆ ಅವರು ಅಕ್ಕನ ಜೊತೆ ಅರ್ಧ ಗಂಟೆ ಫೋನಿನಲ್ಲಿ ಮಾತಾಡಿದರು. ಎಲ್ಲ ಮಲಯಾಳ. ನಗು ಹೊರಗೆ ಕೇಳುತ್ತಿತ್ತು. ಒಂದು ಸಲವೂ ಅರ್ಥ ಹೇಳಲು ನನ್ನನ್ನು ಕರೆಯಲಿಲ್ಲ.

ನನಗೆ ಸಂತೋಷವೇ. ಕಾರನ್ನು ಮಾತ್ರ ಎರಡೆರಡು ಸಲ ಒರೆಸಿದೆ.